ದಾನವೋ, ವಂತಿಗೆಯೋ?

ನಮ್ಮ ಸೀಮೆಯಲ್ಲಿ ಕೊಡುವವರಿಗೆ ಕೊರತೆಯಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ಜೂನ್ ತಿಂಗಳು ಬಂದಿತೆಂದರೆ ಸರ್ಕಾರಿ ಶಾಲೆಯ ಮಕ್ಕಳಿಗೆ ಬರೆಯುವ ಪುಸ್ತಕಗಳನ್ನೂ ಚೀಲಗಳನ್ನೂ ಹಂಚುವ ಸಮಾರಂಭಗಳು ಒಂದರ ಹಿಂದೊಂದು ನಡೆಯುವುವು. ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವವರುಂಟು. ರಕ್ತವನ್ನು ಕೊಡುವ ತರುಣರುಂಟು. ಬೇಸಗೆಯಲ್ಲಿ ಅರವಟ್ಟಿಗೆಯನ್ನಿಡುವ ಅಂಗಡಿಕಾರರುಂಟು. ಇವರಲ್ಲಿ ಬಹುಮಂದಿ ಸಿರಿವಂತರಲ್ಲ. ತಿಂಗಳ ಸಂಬಳದಲ್ಲಿಯೋ ವ್ಯಾಪಾರದ ಅಲ್ಪಲಾಭದಲ್ಲಿಯೋ ಅಷ್ಟಿಷ್ಟು ತೆಗೆದಿಡುವ ಸಾಮಾನ್ಯ ಗೃಹಸ್ಥರು. ಇದು ಸಂತೋಷಪಡತಕ್ಕ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಡುವ ರೀತಿಯನ್ನು ಹತ್ತಿರದಿಂದ ನೋಡಿದವರಿಗೆ ಆ ಸಂತೋಷವು ಪೂರ್ತಿಯಾಗಿ ಉಳಿಯುವುದಿಲ್ಲ.

ಆ ರೀತಿಯು ಎಲ್ಲರೂ ಕಂಡದ್ದೇ. ಶಾಲೆಯ ಅಂಗಳದಲ್ಲಿ ಒಂದು ಶಾಮಿಯಾನ. ಅದರ ಮುಂದೆ ದಾನಿಗಳ ಮುಖಗಳನ್ನು ಆಳೆತ್ತರಕ್ಕೆ ಅಚ್ಚುಮಾಡಿಸಿದ ಫ್ಲೆಕ್ಸು. ಭಾಷಣಗಳು ಮುಗಿಯುವವರೆಗೆ ಮಕ್ಕಳು ಬಿಸಿಲಿನಲ್ಲಿ ಕುಳಿತಿರಬೇಕು. ಬಳಿಕ ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆಯುವರು. ಆರು ಪುಸ್ತಕಗಳ ಕಟ್ಟೊಂದಕ್ಕೆ ನಾಲ್ಕು ಮಂದಿ ಕೈಯಿಡುವರು. ನಾಲ್ವರ ಮುಖವೂ ಕ್ಯಾಮೆರದ ಕಡೆಗಿರುವುದೇ ಹೊರತು ಮಗುವಿನ ಕಡೆಗೆ ಯಾರದೂ ಇರುವುದಿಲ್ಲ. ಸಂಜೆಯಾಗುವುದರೊಳಗೆ ಆ ಪಟವು ಮೊಬೈಲಿನಿಂದ ಮೊಬೈಲಿಗೆ ಹಾರಿ ತಾಲ್ಲೂಕನ್ನೆಲ್ಲ ಸುತ್ತಿಬರುವುದು.

ನನ್ನ ವಾದವು ಇಷ್ಟೇ: ಸಾಮಾನ್ಯರು ಸಾಮಾನ್ಯರಿಗೆ ಕೊಡತಕ್ಕದ್ದು ವಂತಿಗೆ; ನಾವು ಅದನ್ನು ದಾನವೆಂದು ಕರೆದು, ದೊರೆಗಳು ದಾನಮಾಡುವ ಡೌಲನ್ನು ಅದಕ್ಕೆ ತೊಡಿಸಿ ಕೆಡಿಸುತ್ತಿದ್ದೇವೆ. ದಾನವೆಂದೊಡನೆ ಮೇಲೊಂದು ಕೈ, ಕೆಳಗೊಂದು ಕೈ ನಮ್ಮ ಮನಸ್ಸಿಗೆ ತೋರುತ್ತವೆ. ವಂತಿಗೆಯಲ್ಲಿ ಮೇಲು ಕೆಳಗೆಂಬುದಿಲ್ಲ. ಊರಿಗೆ ಬೇಕಾದ ಒಂದು ಕಾರ್ಯಕ್ಕೆ ಅವರವರ ಪಾಲಿಗೆ ಬಂದದ್ದನ್ನು ಅವರವರು ತಂದು ಹಾಕುವುದೇ ವಂತಿಗೆ. ಗ್ರಾಮದೇವತೆಯ ಜಾತ್ರೆಗೆ, ರಾಮನವಮಿಯ ಪಾನಕಕ್ಕೆ, ಕೆರೆಯ ತೂಬಿನ ರಿಪೇರಿಗೆ ನಮ್ಮ ಹಳ್ಳಿಗಳು ಹೀಗೆಯೇ ಕೂಡಿಸುತ್ತ ಬಂದಿವೆ. ಹತ್ತು ಸೇರು ರಾಗಿ ಕೊಟ್ಟ ಮನೆಯೂ ಒಂದು ಸೇರು ಕೊಟ್ಟ ಮನೆಯೂ ಜಾತ್ರೆಯಲ್ಲಿ ಸಮಾನವೇ. ಹಳೆಯ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಎಲ್ಲರ ಮನೆಯಿಂದಲೂ ವಂತಿಗೆಯನ್ನೆತ್ತಿ, ಊಟದ ಪಂಕ್ತಿಯಲ್ಲಿ ಮಾತ್ರ ಕೆಲವರನ್ನು ದೂರ ನಿಲ್ಲಿಸಿದ ಪಾಪವು ನಮ್ಮ ಊರುಗಳ ಮೇಲಿದೆ. ಬಿಡಬೇಕಾದದ್ದು ಆ ಪಾಪವನ್ನು, ವಂತಿಗೆಯನ್ನಲ್ಲ.

ಇದಕ್ಕೆ ಜೊತೆಯಾದ ಇನ್ನೊಂದು ಮಾತು ಮುಯ್ಯಿ. ಮದುವೆಯ ಮನೆಯಲ್ಲಿ ಮುಯ್ಯಿಯ ಪುಸ್ತಕವನ್ನು ಹಿಡಿದು ಒಬ್ಬರು ಕುಳಿತಿರುವುದನ್ನು ನೋಡದವರಿಲ್ಲ. ಹನ್ನೊಂದು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿ ಬರುವುದು, ಸಾವಿರ ಕೊಟ್ಟವರ ಹೆಸರೂ ಬರುವುದು. ಬಂದವರು ಬಂದ ಕ್ರಮದಲ್ಲಿಯೇ ಬರುವುದು. ಅದನ್ನು ಬರೆಯುವುದು ಹೊಗಳಿಕೆಗಲ್ಲ, ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ಹಿಂದಿರುಗಿಸಬೇಕೆಂಬ ನೆನಪಿಗೆ. ಹೊಲಗೆಲಸದಲ್ಲಿ ಈ ದಿನ ನಿನಗೆ ನಾನು, ನಾಳೆ ನನಗೆ ನೀನು ಎಂದು ದುಡಿಯುವ ಮುಯ್ಯಾಳಿನ ಪದ್ಧತಿಯೂ ಇದೇ. ಕೊಟ್ಟವನು ನಾಳೆ ಪಡೆಯುವವನಾಗಬಹುದು, ಪಡೆದವನು ಕೊಡುವವನಾಗಬಹುದು ಎಂಬ ತಿಳಿವಳಿಕೆ ಇದರ ಜೀವಾಳ. ಈಗಿನ ಸಮಾರಂಭಗಳಲ್ಲಿ ಆ ತಿಳಿವಳಿಕೆ ಇಲ್ಲ. ಅಲ್ಲಿ ಊರು ಎರಡು ಜಾತಿಯಾಗುತ್ತದೆ: ಎಂದೆಂದಿಗೂ ಕೊಡುವವರದೊಂದು, ಎಂದೆಂದಿಗೂ ಕೈಯೊಡ್ಡುವವರದೊಂದು. ಹಳೆಯ ಜಾತಿಗಳನ್ನು ಅಳಿಸಲಾರದೆ ತೊಳಲುತ್ತಿರುವ ನಮಗೆ ಈ ಹೊಸ ಜಾತಿಯೊಂದು ಬೇಕಾಗಿದೆಯೆ?

ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನು ದಾನವನ್ನು ಬಿಟ್ಟು ವಂತಿಗೆಯನ್ನು ಹಿಡಿಯುವುದೆಂದರೇನೆಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಅವರಲ್ಲಿ ಒಂದು ವಿಜ್ಞಾಪನೆ. ಗೀತೆಯ ೧೬ನೆಯ ಅಧ್ಯಾಯದ ಮೊದಲಲ್ಲಿ ಬರುವ ದಾನವೆಂಬ ಶಬ್ದಕ್ಕೆ ಶಂಕರಾಚಾರ್ಯರು ಭಾಷ್ಯದಲ್ಲಿ ಕೊಟ್ಟಿರುವ ಅರ್ಥವು ಸಂವಿಭಾಗ ಎಂಬುದು. ಎಂದರೆ, ಅನ್ನವೇ ಮೊದಲಾದುದನ್ನು ಯಥಾಶಕ್ತಿ ಹಂಚಿಕೊಳ್ಳುವುದು. ಇದು ನಮ್ಮ ವಂತಿಗೆಗೆ ಸಮೀಪವಾದ ಅರ್ಥವೇ ಹೊರತು ಶಾಮಿಯಾನಕ್ಕೆ ಸಮೀಪವಾದುದಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಕೊಡುವವನಲ್ಲಿ ಇರಬೇಕಾದ ಭಾವಗಳನ್ನೆಣಿಸುವಾಗ ಲಜ್ಜೆಯನ್ನೂ ಎಣಿಸುತ್ತದೆ. ನಾಚಿಕೆಯಿರಬೇಕಾದದ್ದು ಕೊಡುವವನಿಗೆ ಎಂದಾಯಿತು. ನಾವು ಅದನ್ನು ತಿರುವುಮುರುವು ಮಾಡಿ, ಕೊಡುವವನಿಗೆ ಹಾರವನ್ನೂ ಪಡೆಯುವವನಿಗೆ ನಾಚಿಕೆಯನ್ನೂ ಹಂಚಿದ್ದೇವೆ. ಶತಪಥ ಬ್ರಾಹ್ಮಣವು ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವೊಂದನ್ನು ಹೇಳುತ್ತದೆ. ಸಾಲವನ್ನು ತೀರಿಸುವವನು ಫ್ಲೆಕ್ಸು ಕಟ್ಟಿಸಿಕೊಂಡದ್ದನ್ನು ಯಾರಾದರೂ ಕಂಡಿರುವರೆ?

ಕನ್ನಡ ನಾಡಿನ ಶರಣರು ಇನ್ನೂ ಮುಂದೆ ಹೋದರು. ಅವರು ದಾಸೋಹವೆಂಬ ಪದವನ್ನು ಹಿಡಿದು ಕೊಡುವವನನ್ನೇ ಸೇವಕನನ್ನಾಗಿ ಮಾಡಿದರು. ಆ ಪದವು ಪುಸ್ತಕದಲ್ಲಿಯೇ ನಿಲ್ಲಲಿಲ್ಲ. ನೆರೆಯ ತುಮಕೂರಿನ ಸಿದ್ಧಗಂಗೆಯಲ್ಲಿ, ೨೦೧೯ರ ಜನವರಿಯಲ್ಲಿ ತಮ್ಮ ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ನೋಡದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ವಸತಿಯನ್ನೂ ಒದಗಿಸಿದರು. ಆ ಅನ್ನದಲ್ಲಿ ಹಳ್ಳಿಹಳ್ಳಿಯ ರೈತರು ತಂದೊಪ್ಪಿಸಿದ ರಾಗಿಯಿದ್ದಿತು, ಅಕ್ಕಿಯಿದ್ದಿತು. ಯಾವ ಮಗುವಿನ ತಟ್ಟೆಗೆ ಯಾರ ಹೊಲದ ರಾಗಿ ಬಿದ್ದಿತೆಂಬುದು ಕೊಟ್ಟವನಿಗೂ ತಿಳಿಯದು, ಉಂಡವನಿಗೂ ತಿಳಿಯದು. ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ, ಬಳೆಗಾರರಾಗಿದ್ದು ಯೋಗಿಗಳಾದ ನಾರೇಯಣ ತಾತಯ್ಯನವರ ಸನ್ನಿಧಿಯಲ್ಲಿ ಉಂಡು ಬಂದವರೂ ಇದನ್ನು ಬಲ್ಲರು. ಹೀಗೆ ಕೊಡಲು ಬರುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ.

ಪಟ ತೆಗೆಯುವುದರಿಂದ ಕೆಡುವುದೇನೆಂದು ಕೇಳುವವರಿಗಾಗಿ ಕಂಡದ್ದೊಂದನ್ನು ಹೇಳುತ್ತೇನೆ. ನಾನು ಕೆಲಸಮಾಡುತ್ತಿದ್ದ ಒಂದು ಶಾಲೆಯಲ್ಲಿ ಇಂಥ ಪುಸ್ತಕ ವಿತರಣೆಯು ನಡೆದ ಮಾರನೆಯ ವರ್ಷ, ಅದೇ ಸಮಾರಂಭದ ದಿನ ಏಳನೆಯ ತರಗತಿಯ ಜಾಣೆಯಾದ ಹುಡುಗಿಯೊಬ್ಬಳು ಶಾಲೆಗೆ ಬರಲಿಲ್ಲ. ಸಂಜೆ ಅವಳ ತಾಯಿ ಬಂದಳು. ರೇಷ್ಮೆಯ ನೂಲು ಬಿಚ್ಚುವ ಕೆಲಸದವಳು. ದಿನವೆಲ್ಲ ಬಿಸಿನೀರಿನಲ್ಲಿ ಅದ್ದಿ ಬೆರಳುಗಳ ತುದಿ ಬೆಳ್ಳಗಾಗಿದ್ದುವು. "ಮೇಷ್ಟ್ರೇ, ಪುಸ್ತಕಾನ ಸಾಲ ಮಾಡಿಯಾದರೂ ತಂದುಕೊಡ್ತೀನಿ. ಹೋದ ವರ್ಷ ಮಗಳ ಪಟ ಎಲ್ಲರ ಮೊಬೈಲಿಗೂ ಹೋಗಿ, ಓಣಿ ಹುಡುಗರು ಅವಳನ್ನ ಪುಕ್ಕಟೆ ಪುಸ್ತಕದವಳು ಅಂತ ಕರೀತಾರೆ. ಈ ಸಲ ಅವಳ ಹೆಸರು ಬರೀಬೇಡಿ" ಎಂದಳು. ಹುಡುಗಿಯ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಲಾಯಿತು. ಪುಸ್ತಕವೂ ಅವಳಿಗೆ ಸಲ್ಲಲಿಲ್ಲ. ಏಕೆಂದರೆ ಪಟವಿಲ್ಲದ ಪುಸ್ತಕವನ್ನು ಕೊಡಲು ಆ ದಾನಿಗಳ ಪದ್ಧತಿಯಲ್ಲಿ ಅವಕಾಶವಿರಲಿಲ್ಲ.

ಆ ತಾಯಿಯು ಊರಿನ ಜಾತ್ರೆಗೆ ಒಂದು ವರ್ಷವಾದರೂ ವಂತಿಗೆಯನ್ನು ತಪ್ಪಿಸಿದವಳಲ್ಲ. ನೆರೆಮನೆಯ ಬಾಣಂತಿಗೆ ಅನ್ನಮಾಡಿ ಹಾಕಿದವಳು. ಕೊಡುವವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ಅವಳಿಗೆ ಯಾರಿಗಿಂತಲೂ ಕಡಮೆಯಾಗಿರಲಿಲ್ಲ. ನಾಲ್ಕು ಪುಸ್ತಕಗಳ ನೆವದಿಂದ ಅವಳನ್ನು ಕೈಯೊಡ್ಡುವವಳನ್ನಾಗಿ ಊರಿಗೆಲ್ಲ ತೋರಿಸಲಾಯಿತು. ೨೦೨೦ರ ಲಾಕ್‌ಡೌನಿನ ಕಾಲದಲ್ಲಿ ಅಕ್ಕಿ ಬೇಳೆಗಳ ಚೀಲಗಳನ್ನು ಹಂಚಿದವರಲ್ಲಿ ಎಷ್ಟೋ ಮಂದಿ ನಿಜವಾದ ಕರುಣೆಯಿಂದ ಹಂಚಿದರು. ಆದರೆ ಅಂದು ಕೂಡ ಕೆಲಸ ಕಳೆದುಕೊಂಡ ಕೂಲಿಕಾರನು ಒಂದು ಚೀಲಕ್ಕಾಗಿ ಕ್ಯಾಮೆರದ ಮುಂದೆ ನಿಲ್ಲಬೇಕಾಯಿತು. ಹಸಿವಿನ ಮೇಲೆ ವಿಧಿಸಿದ ಇಂಥ ಸುಂಕವನ್ನು ಯಾವ ಧರ್ಮಶಾಸ್ತ್ರವೂ ಒಪ್ಪದು.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ವಿಚಾರಿಸೋಣ.

ಪಟವನ್ನು ಕಂಡು ಮತ್ತೊಬ್ಬರಿಗೆ ಕೊಡುವ ಬುದ್ಧಿ ಬರುವುದೆಂಬುದು ಮೊದಲನೆಯದು. ಬರಬಹುದು. ಆದರೆ ಏನನ್ನು ಕಂಡು? ಕೊಟ್ಟ ಪುಸ್ತಕಗಳ ರಾಶಿಯನ್ನು ತೋರಿಸಿದರೆ ಸಾಲದೆ? ಸೋರುತ್ತಿದ್ದ ಮಾಡನ್ನು ರಿಪೇರಿಮಾಡಿದ ಮೇಲೆ ಆ ಮಾಡನ್ನು ತೋರಿಸಿದರೆ ಸಾಲದೆ? ಒಬ್ಬ ಬಡವನ ಮುಖವೇ ಏಕೆ ಬೇಕು? ಒಬ್ಬನ ಮಾನವನ್ನು ಕಳೆದು ಮತ್ತೊಬ್ಬನ ಔದಾರ್ಯವನ್ನು ಎಬ್ಬಿಸಬೇಕಾದರೆ, ಹಾಗೆದ್ದ ಔದಾರ್ಯವು ಮುಂದಿನ ಪಟದವರೆಗೆ ಮಾತ್ರ ಎಚ್ಚರವಾಗಿರುವುದು.

ಎರಡನೆಯದು ಸ್ವಲ್ಪ ಬಲವಾದದ್ದು. ಹಿಂದಿನವರೂ ತಮ್ಮ ದಾನಗಳನ್ನು ಕಲ್ಲಿನಲ್ಲಿ ಕೆತ್ತಿಸಲಿಲ್ಲವೆ? ನಂದಿಯ ಭೋಗನಂದೀಶ್ವರ ದೇವಾಲಯದ ವಿಷಯವಾಗಿ ಕ್ರಿ.ಶ. ೮೦೬ರಷ್ಟು ಹಳೆಯ ಶಾಸನವಿಲ್ಲವೆ? ೧೯೦೫ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೧೦ನೆಯ ಸಂಪುಟದಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ನಮ್ಮ ತಾಲ್ಲೂಕುಗಳ ಶಾಸನಗಳು ತುಂಬಿಲ್ಲವೆ? ಇವೆ. ಆದರೆ ಶಾಸನವನ್ನು ಫ್ಲೆಕ್ಸಿಗೆ ಹೋಲಿಸುವವರು ಶಾಸನವನ್ನು ಓದಿದವರಲ್ಲ. ದಾನಶಾಸನದಲ್ಲಿ ಇರುವುದೇನು? ಕಾಲ, ಕೊಟ್ಟ ಭೂಮಿ, ಅದರ ಎಲ್ಲೆಕಟ್ಟು, ಯಾವ ಕಾರ್ಯಕ್ಕೆಂಬುದು, ಸಾಕ್ಷಿಗಳು, ಕಡೆಯಲ್ಲಿ ಅದನ್ನು ಅಪಹರಿಸಿದವರಿಗೆ ಶಾಪ. ಎಂದರೆ ಅದೊಂದು ಬಹಿರಂಗವಾದ ಕರಾರುಪತ್ರ. ಕೊಡುವುದಕ್ಕಿಂತಲೂ ಹಿಂದಿನವರು ಕೊಟ್ಟದ್ದನ್ನು ಕಾಪಾಡಿಕೊಂಡು ಬರುವುದೇ ಶ್ರೇಷ್ಠವೆಂದು ಆ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಸಾರಿರುವುದುಂಟು. ಕೆರೆಯನ್ನು ಕಟ್ಟಿದವನಿಗೆ ಗದ್ದೆಯನ್ನು ಬಿಟ್ಟುಕೊಟ್ಟು, ಕೆರೆಯ ಪಾಲನೆಯ ಹೊಣೆಯನ್ನೂ ಅವನ ಮೇಲೆ ಹೊರಿಸಿದ ಶಾಸನಗಳು ಈ ಬಯಲುಸೀಮೆಯಲ್ಲಿವೆ. ಈಗಿನ ಫ್ಲೆಕ್ಸಿನಲ್ಲಿ ಕೊಟ್ಟದ್ದೆಷ್ಟು, ಅದನ್ನು ಮುಂದೆ ಕಾಪಾಡುವವರಾರು ಎಂಬ ಒಂದು ಅಕ್ಷರವಾದರೂ ಇರುವುದೆ? ಹಿಂದಿನ ವರ್ಷ ಹಾರಹಾಕಿ ಒಪ್ಪಿಸಿದ ಕುಡಿಯುವ ನೀರಿನ ಯಂತ್ರವು ಈ ವರ್ಷ ಧೂಳು ಹಿಡಿದು ನಿಂತಿರುವ ಶಾಲೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಶಾಸನದ ಮಾದರಿಯೇ ಬೇಕೆಂದರೆ ಪೂರ್ತಿಯಾಗಿ ಹಿಡಿಯೋಣ: ಎಲ್ಲೆ, ಲೆಕ್ಕ, ಪಾಲನೆಯ ಹೊಣೆ ಎಲ್ಲವೂ ಬರಲಿ.

ಮೂರನೆಯದು ಪುರಾವೆಯ ಮಾತು. ಕೊಟ್ಟ ಹಣವು ಮುಟ್ಟಿತೆಂಬುದಕ್ಕೆ ಪಟವೇ ಸಾಕ್ಷಿಯೆನ್ನುವರು. ೨೦೧೩ರ ಕಂಪನಿ ಕಾನೂನು ದೊಡ್ಡ ಕಂಪನಿಗಳು ತಮ್ಮ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು ವಿಧಿಸಿದ ಮೇಲೆ ಅವರ ವರದಿಗಳಲ್ಲಿ ಇಂಥ ಪಟಗಳನ್ನು ಕಾಣುತ್ತಿದ್ದೇವೆ. ಗೃಹಸ್ಥರೂ ಅದನ್ನೇ ಅನುಕರಿಸುತ್ತಿರುವಂತೆ ತೋರುತ್ತದೆ. ಆದರೆ ಪಟವು ಲೆಕ್ಕವಾದೀತೆ? ಹತ್ತು ಚೀಲ ಕೊಟ್ಟು ನೂರು ಚೀಲವೆಂದು ಹೇಳಿದರೆ ಪಟವು ಬಾಯಿಬಿಡುವುದೆ? ಮಹಾತ್ಮ ಗಾಂಧಿಯವರು ೧೯೨೭ರಲ್ಲಿ ಅಸ್ವಸ್ಥರಾಗಿ ನಮ್ಮ ನಂದಿಬೆಟ್ಟದ ಮೇಲೆ ವಿಶ್ರಾಂತಿ ಪಡೆದುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಅದೇ ಮಹಾತ್ಮರು ಖಾದಿಗಾಗಿಯೂ ಹರಿಜನ ಸೇವೆಗಾಗಿಯೂ ದೇಶವನ್ನೆಲ್ಲ ಸುತ್ತಿ, ಬಡವನ ಕಾಸನ್ನೂ ಕೈನೀಡಿ ಪಡೆದವರು. ೧೮೯೪ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದಾಗ ಬಂದ ಹಣಕ್ಕೆಲ್ಲ ತಪ್ಪದೆ ರಸೀದಿ ಕೊಟ್ಟುದನ್ನೂ, ಲೆಕ್ಕವನ್ನು ಚೊಕ್ಕಟವಾಗಿಡದ ಸಂಸ್ಥೆಯಲ್ಲಿ ಸತ್ಯವು ಉಳಿಯದೆಂಬುದನ್ನೂ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ರಸೀದಿ ಪುಸ್ತಕವಿರುವಲ್ಲಿ ಪಟ ಬೇಕಾಗದು. ರಸೀದಿ ಪುಸ್ತಕವಿಲ್ಲದಲ್ಲಿ ಪಟದಿಂದ ಪ್ರಯೋಜನವಾಗದು.

ನಾಲ್ಕನೆಯವರು, ನೂರು ಇನ್ನೂರು ರೂಪಾಯಿಗಳ ವಂತಿಗೆಯಿಂದ ಆಗುವುದೇನು, ದೊಡ್ಡ ದಾನಿಗಳನ್ನು ಒಲಿಸಿಕೊಳ್ಳಲು ವೇದಿಕೆಯೂ ಹಾರವೂ ಬೇಕೇ ಬೇಕೆನ್ನುವರು. ಇವರು ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿಯ ಕಥೆಯನ್ನು ನೆನೆಯಬೇಕು. ತೆನೆ ಆಯ್ದು ಬದುಕುತ್ತಿದ್ದ ಬಡ ಬ್ರಾಹ್ಮಣನ ಕುಟುಂಬದವರು ತಮ್ಮ ತಮ್ಮ ಪಾಲಿನ ಹಿಟ್ಟನ್ನು ಹಸಿದ ಅತಿಥಿಗೆ ಇಕ್ಕಿದ ಸ್ಥಳದಲ್ಲಿ ಹೊರಳಿ ಅರ್ಧ ಮೈ ಹೊನ್ನಾಗಿದ್ದ ಆ ಮುಂಗುಸಿಗೆ, ಧರ್ಮರಾಜನ ಅಶ್ವಮೇಧದ ಅಂಗಳದಲ್ಲಿ ಉಳಿದರ್ಧವು ಹೊನ್ನಾಗಲಿಲ್ಲ. ಕಥೆಯೆಂದು ತಳ್ಳಿಹಾಕುವವರು ನಮ್ಮ ಕಾಲದ ಹರೇಕಳ ಹಾಜಬ್ಬನವರನ್ನು ನೋಡಲಿ. ಮಂಗಳೂರಿನಲ್ಲಿ ಕಿತ್ತಳೆಹಣ್ಣಿನ ಬುಟ್ಟಿ ಹೊತ್ತು ಮಾರುತ್ತಿದ್ದ, ತಾವು ಶಾಲೆಯ ಮೆಟ್ಟಿಲು ಹತ್ತದಿದ್ದ ಅವರು ದಿನದ ಉಳಿತಾಯವನ್ನು ಕೂಡಿಟ್ಟು, ಕಛೇರಿಗಳ ಬಾಗಿಲುಗಳನ್ನು ತಟ್ಟಿ, ತಮ್ಮೂರಿನ ನ್ಯೂಪಡ್ಪಿಗೆ ಶಾಲೆಯನ್ನು ತಂದರು. ಅದು ಸರ್ಕಾರದ ಶಾಲೆಯೇ. ಎಲ್ಲರ ಮಕ್ಕಳೂ ಹಕ್ಕಿನಿಂದ ಹೋಗತಕ್ಕದ್ದು. ಸರ್ಕಾರವು ೨೦೨೦ರಲ್ಲಿ ಪದ್ಮಶ್ರೀಯನ್ನು ಘೋಷಿಸುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಅವರು ಕೆಲಸ ಮಾಡಿ ಮುಗಿಸಿದ್ದರು. ಅವರನ್ನು ಒಲಿಸಿಕೊಳ್ಳಲು ಯಾರೂ ವೇದಿಕೆ ಕಟ್ಟಿರಲಿಲ್ಲ.

ಕಡೆಯ ಪೂರ್ವಪಕ್ಷವು ವಿದ್ಯಾವಂತರದು. ಶಾಲೆ, ಆಸ್ಪತ್ರೆಗಳು ಸರ್ಕಾರದ ಹೊಣೆ. ತೆರಿಗೆ ಕೊಟ್ಟವರು ಮತ್ತೇಕೆ ಕೊಡಬೇಕು? ಈ ವಾದದಲ್ಲಿ ಅರ್ಧ ಸತ್ಯವಿದೆ. ೨೦೦೯ರ ಕಾನೂನಿನಿಂದ ಶಿಕ್ಷಣವು ಮಕ್ಕಳ ಹಕ್ಕಾಗಿರುವಾಗ, ಕುಸಿಯುವ ಗೋಡೆಯನ್ನು ಕಟ್ಟಿಸಿಕೊಡಬೇಕಾದದ್ದು ಸರ್ಕಾರವೇ. ಅದನ್ನು ದಾನಿಗಳ ತಲೆಗೆ ಕಟ್ಟಿ ಅಧಿಕಾರಿಗಳು ಸುಮ್ಮನೆ ಕೂರಬಾರದು. ನಾವೂ ದಾನಮಾಡಿದೆವೆಂದು ಕೇಳುವ ಬಾಯನ್ನು ಮುಚ್ಚಿಕೊಳ್ಳಬಾರದು. ಆದರೆ ಕಾನೂನಿನ ಕಣ್ಣಿಗೆ ಬೀಳದ ಕಷ್ಟಗಳು ಎಷ್ಟೋ ಇವೆ. ಪರೀಕ್ಷೆಯ ತಿಂಗಳಲ್ಲಿ ತಂದೆ ಹಾಸಿಗೆ ಹಿಡಿದರೆ ಮಗನು ಕೂಲಿಗೆ ಹೋಗುವನು. ಕಾಲೇಜು ಇರುವ ಊರಿಗೆ ಬಸ್ಸಿನ ಅನುಕೂಲವಿಲ್ಲದೆ ಮಗಳು ಮನೆಯಲ್ಲಿ ಉಳಿಯುವಳು. ಇದನ್ನು ಕಾಣಬಲ್ಲವರು ನೆರೆಹೊರೆಯವರು. ತೆರಿಗೆಯು ರಾಜ್ಯಕ್ಕೆ ಸಲ್ಲುವ ವಂತಿಗೆಯಾದರೆ, ಇದು ನೆರೆಗೆ ಸಲ್ಲುವ ವಂತಿಗೆ. ಒಂದನ್ನು ಕೊಟ್ಟೆನೆಂದು ಇನ್ನೊಂದರಿಂದ ಬಿಡುಗಡೆಯಿಲ್ಲ.

ಪಡೆದುದನ್ನು ಹಿಂದಿರುಗಿಸುವುದು ಹೇಗೆಂಬುದಕ್ಕೆ ನಮ್ಮವರೇ ಆದ ಡಾ. ಎಚ್. ನರಸಿಂಹಯ್ಯನವರಿಗಿಂತ ಮೇಲಾದ ದೃಷ್ಟಾಂತವನ್ನು ನಾನು ಅರಿಯೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ ಹುಟ್ಟಿ, ಬೆಂಗಳೂರಿನ ನ್ಯಾಷನಲ್ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಓದಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು ಪಡೆದು ಬಂದ ಅವರು, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗಲೂ ವಿದ್ಯಾರ್ಥಿನಿಲಯದ ಕೋಣೆಯನ್ನು ಬಿಡಲಿಲ್ಲ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ತಮ್ಮನ್ನು ಸಾಕಿದ ಸಂಸ್ಥೆಗೆ ಗಳಿಕೆಯನ್ನೂ ಆಯುಷ್ಯವನ್ನೂ ಕೊಟ್ಟು ೨೦೦೫ರಲ್ಲಿ ತೀರಿಕೊಂಡರು. ಆ ಸಂಸ್ಥೆಯ ಕಾಲೇಜುಗಳು ಇಂದು ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನಮ್ಮ ಮಕ್ಕಳಿಗೆ ಓದುಹೇಳುತ್ತಿವೆ. ದೇವರು, ಪವಾಡಗಳ ವಿಷಯದಲ್ಲಿ ಅವರು ಹೇಳಿದುದನ್ನೆಲ್ಲ ನಾನು ಒಪ್ಪಲಾರೆ. ಆದರೆ ಋಷಿಋಣವನ್ನು ತೀರಿಸಿದ ರೀತಿಯಲ್ಲಿ ಆ ವಿಚಾರವಾದಿಗಳು ನಮ್ಮಂಥ ಆಸ್ತಿಕರನ್ನು ನಾಚಿಸಿದರೆಂಬುದನ್ನು ಒಪ್ಪದಿರಲು ಸಾಧ್ಯವಿಲ್ಲ.

ಬರಿಯ ದೂಷಣೆಯಿಂದ ಪ್ರಯೋಜನವಿಲ್ಲವಾದುದರಿಂದ ಮಾಡತಕ್ಕದ್ದನ್ನೂ ಹೇಳಿಬಿಡುತ್ತೇನೆ. ಪಡೆಯುವವರ ಪಟವನ್ನು ತೆಗೆಯಕೂಡದು. ಮಕ್ಕಳ ಪಟವನ್ನಂತೂ ಯಾವ ಕಾರಣಕ್ಕೂ ತೆಗೆಯಕೂಡದು. ಪುಸ್ತಕಗಳು ಮುಖ್ಯೋಪಾಧ್ಯಾಯರ ಕೋಣೆಗೆ ಸೇರಲಿ, ಅಲ್ಲಿಂದ ತರಗತಿಯ ಉಪಾಧ್ಯಾಯರ ಮೂಲಕ ಎಲ್ಲ ಮಕ್ಕಳಿಗೂ ಒಂದೇ ಸಮನಾಗಿ ಹೋಗಲಿ. ಯಾರು ಬಡವರೆಂಬುದನ್ನು ಸಭೆಯಲ್ಲಿ ತೀರ್ಮಾನಿಸುವುದು ಬೇಡ. ವಂತಿಗೆದಾರರ ಪಟ್ಟಿಯನ್ನು ಬರೆಯಲೇಬೇಕಾದರೆ ಮೊತ್ತದ ಕ್ರಮವನ್ನು ಬಿಟ್ಟು ಅಕಾರಾದಿಯಾಗಿ ಬರೆಯಲಿ. ಏನು ಬೇಕೆಂಬುದನ್ನು ದಾನಿಯು ಊಹಿಸಬಾರದು. ೨೦೦೧ರಿಂದ ಸರ್ಕಾರಿ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ತಂದೆತಾಯಿಗಳೇ ಕೂತಿರುವಾಗ, ಅವರನ್ನು ಕೇಳಲಿ. ಆ ತಂದೆತಾಯಿಗಳೂ ಕೈಲಾದ ವಂತಿಗೆಯನ್ನು ಕೊಡಲಿ, ಹತ್ತು ರೂಪಾಯಿಯಾದರೂ ಸರಿ, ಒಂದು ದಿನದ ಶ್ರಮದಾನವಾದರೂ ಸರಿ. ಹಾಗಾದರೆ ಕೊಟ್ಟವರು ಬೇರೆ, ಪಡೆದವರು ಬೇರೆ ಎಂಬ ಮಾತೇ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಬಂದದ್ದು ಹೋದದ್ದರ ಲೆಕ್ಕವನ್ನು ಶಾಲೆಯ ಗೋಡೆಗೆ ಅಂಟಿಸಿ, ಊರವರೆದುರಿಗೆ ಓದಿ ಹೇಳಲಿ. ವರ್ಷಕ್ಕೊಂದು ದಿನ ಐದು ಸಾವಿರ ಕೊಟ್ಟು ಮರೆಯುವುದಕ್ಕಿಂತ ತಿಂಗಳಿಗೆ ನೂರರಂತೆ ತಪ್ಪದೆ ಕೊಡುವುದು ಮೇಲು. ಮಗುವಿನ ಓದು ಒಂದು ದಿನದ ಉತ್ಸವವಲ್ಲವಷ್ಟೆ.

ಇವುಗಳಲ್ಲಿ ಹಣ ಹೆಚ್ಚು ಬೇಡುವ ಸೂಚನೆ ಒಂದೂ ಇಲ್ಲ. ಶಾಮಿಯಾನ, ಫ್ಲೆಕ್ಸು, ಹಾರ, ಶಾಲುಗಳ ವೆಚ್ಚ ಉಳಿದು ಪುಸ್ತಕಗಳ ಸಂಖ್ಯೆಯೇ ಹೆಚ್ಚೀತು. ಬಿಡಬೇಕಾದದ್ದು ಕೀರ್ತಿಯ ಮೇಲಿನ ಆಸೆಯೊಂದನ್ನೇ. ಅದು ಸುಲಭವಲ್ಲವೆಂದು ಬಲ್ಲೆ. ಆದರೂ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರೂ ಗೃಹಿಣಿಯರೂ ಸಂಘಗಳ ಕಾರ್ಯದರ್ಶಿಗಳೂ ಮುಂದಿನ ಜೂನ್ ತಿಂಗಳು ಬರುವುದಕ್ಕೆ ಮೊದಲೇ ಕೂತು ವಿಚಾರಮಾಡಿ, ತಮ್ಮ ತಮ್ಮ ಊರಿನ ಒಂದು ಶಾಲೆಯಲ್ಲಾದರೂ ಪಟವಿಲ್ಲದ ವಂತಿಗೆಯನ್ನು ನಡೆಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ವಾದವು ತಪ್ಪೆಂದು ತೋರಿದವರು ಇದೇ ಪತ್ರಿಕೆಯಲ್ಲಿ ಉತ್ತರ ಬರೆಯಲಿ. ಬರೆಯುವುದಕ್ಕೆ ಮುಂಚೆ ಮಾತ್ರ, ಪುಸ್ತಕವನ್ನು ಕೈಯಲ್ಲಿ ಹಿಡಿದು ಕ್ಯಾಮೆರದ ಮುಂದೆ ನಿಂತಿರುವುದು ತಮ್ಮ ಮಗಳೆಂದು ಒಂದು ಗಳಿಗೆ ಭಾವಿಸಿಕೊಳ್ಳಲಿ.